786ರ ಕಾರಿಗೆ ಹೆಚ್ಚು ಹಣ ಕೊಡುವ ಮುನ್ನ

ನಮ್ಮೂರಿನ ಯಾವುದೇ ಮದುವೆ ಹಾಲ್‌ನ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಬಂದರೆ ಸಾಕು, 786 ಇರುವ ನಂಬರ್ ಪ್ಲೇಟ್ ಒಂದಾದರೂ ಕಣ್ಣಿಗೆ ಬೀಳುತ್ತದೆ. 0786, 1786, 7860 ಹೀಗೆ. ಹೊಸ ಗಾಡಿಗೆ ಇಂಥ ನಂಬರ್ ಬೇಕಾದರೆ ಆರ್‌ಟಿಒದಲ್ಲಿ ಪ್ರತ್ಯೇಕ ಹಣ ಕಟ್ಟಬೇಕು, ಕೇಳುವವರು ಹೆಚ್ಚಿದ್ದರೆ ಹರಾಜು. ಅಷ್ಟೆಲ್ಲ ಆಗದವರು ಸೆಕೆಂಡ್‌ಹ್ಯಾಂಡ್ ಕಾರುಗಳಲ್ಲಿ ಈ ನಂಬರ್ ಹುಡುಕುತ್ತಾರೆ. ಇದು ಮಾರುವವರಿಗೂ ಗೊತ್ತುಂಟು. ಗಾಡಿಗೊಂದು ರೇಟು, ನಂಬರಿಗೊಂದು ರೇಟು.

ಮದ್ರಸದಲ್ಲಿ ಕಲಿಸುವ ನಮ್ಮ ಬಳಿ ಈ ವಿಷಯ ಎರಡು ಪ್ರಶ್ನೆಗಳಾಗಿ ಬರುತ್ತದೆ. ಒಂದು, ಈ ನಂಬರಿನಲ್ಲಿ ಬರ್ಕತ್ ಉಂಟಾ? ಇನ್ನೊಂದು, ಹಣ ಕೊಟ್ಟು ತಗೊಂಡ ಮೇಲೆ ನಂಬರ್ ನಮ್ಮದೇ ಆಗಿ ಉಳಿಯುತ್ತದಾ? ಎರಡಕ್ಕೂ ಉತ್ತರ ತಿಳಿದುಕೊಂಡೇ ಅಡ್ವಾನ್ಸ್ ಕೊಡುವುದು ಒಳ್ಳೆಯದು.

ಈ ಸಂಖ್ಯೆ ಬಂದದ್ದು ಹೇಗೆ?

ಅರಬಿ ಅಕ್ಷರಗಳಿಗೆ ಒಂದೊಂದು ಬೆಲೆ ಕಟ್ಟಿ ಕೂಡಿಸುವ ಹಳೆಯ ಪದ್ಧತಿಗೆ ಅಬ್ಜದ್ ಎನ್ನುತ್ತಾರೆ. ಅಲಿಫ್‌ಗೆ 1, ಬಾ ಅಕ್ಷರಕ್ಕೆ 2, ಮೀಮ್‌ಗೆ 40, ಸೀನ್‌ಗೆ 60. ಆ ಲೆಕ್ಕದಲ್ಲಿ ‘ಬಿಸ್ಮಿ’ 102, ‘ಅಲ್ಲಾಹ್’ 66, ‘ಅರ್ರಹ್ಮಾನ್’ 329, ‘ಅರ್ರಹೀಮ್’ 289. ಕೂಡಿಸಿದರೆ 786. ಪವಿತ್ರ ವಚನ ಬರೆದ ಕಾಗದ ಕಾಲಡಿಗೆ ಬೀಳಬಾರದೆಂಬ ಗೌರವದಿಂದ ಪತ್ರಗಳ ತಲೆಯಲ್ಲಿ ಈ ಸಂಖ್ಯೆ ಬರೆಯುವ ರೂಢಿ ನಮ್ಮ ಉಪಖಂಡದಲ್ಲಿ ಬೆಳೆಯಿತು.

ಆದರೆ ಇದು ಕುರ್‌ಆನ್‌ನಲ್ಲೋ ಹದೀಸ್‌ನಲ್ಲೋ ಬಂದ ಸಂಖ್ಯೆ ಅಲ್ಲ. ಇದೇ ಮೊತ್ತ ಬರುವ ಬೇರೆ ಮಾತುಗಳೂ ಇರಬಹುದು. ಪ್ಲೇಟ್‌ನಲ್ಲಿ 786 ಇದ್ದರೆ ಬಿಸ್ಮಿ ಹೇಳಿದಂತೆ ಆಗುವುದಿಲ್ಲ. ಗಾಡಿ ಹತ್ತುವಾಗ ನಾಲಿಗೆಯಿಂದ ಬಿಸ್ಮಿ ಹೇಳುವುದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ. ಪ್ರೀತಿಯಿಂದ ಈ ನಂಬರ್ ಇಟ್ಟುಕೊಂಡವರನ್ನು ನಾವು ದೂರುವುದಿಲ್ಲ. ನಂಬರ್ ಅಪಘಾತ ತಪ್ಪಿಸುತ್ತದೆ ಅಂತ ನಂಬಿ ಹೆಚ್ಚು ಹಣ ಕೊಡಬೇಡಿ ಎಂದಷ್ಟೇ ಹೇಳುವುದು. ಅಪಘಾತ ತಪ್ಪಿಸುವುದು ಬ್ರೇಕ್, ಟಯರ್ ಮತ್ತು ಓಡಿಸುವವನ ಎಚ್ಚರ. ಕಾಪಾಡುವವನು ಅಲ್ಲಾಹು.

ನಂಬರ್ ಯಾರ ಸೊತ್ತು?

ಗಲ್ಫ್‌ನಲ್ಲಿ ದುಡಿದು ಬಂದ ನಮ್ಮವರಿಗೆ ಇಲ್ಲೊಂದು ಗೊಂದಲ ಉಂಟು. ದುಬೈಯಲ್ಲಿ ನಂಬರ್ ಪ್ಲೇಟ್ ವ್ಯಕ್ತಿಯದ್ದು. ಕಾರು ಮಾರಿದರೂ ಪ್ಲೇಟ್ ತನ್ನ ಬಳಿಯೇ ಇಟ್ಟುಕೊಳ್ಳಬಹುದು. ಹಾಗಾಗಿಯೇ 2008ರಲ್ಲಿ ಅಬುಧಾಬಿಯ ‘1’ ನಂಬರ್ 5.22 ಕೋಟಿ ದಿರ್ಹಮ್‌ಗೆ, 2023ರ ಏಪ್ರಿಲ್‌ನಲ್ಲಿ ದುಬೈಯ ‘ಪಿ 7’ ನಂಬರ್ 5.5 ಕೋಟಿ ದಿರ್ಹಮ್‌ಗೆ ಹರಾಜಾದವು. ‘ಪಿ 7’ರ ಹಣ ಹಸಿದವರಿಗೆ ಊಟ ಕೊಡುವ ವಕ್ಫ್ ಯೋಜನೆಗೆ ಹೋಯಿತು. ಬ್ರಿಟನ್‌ನಲ್ಲೂ ನಿಗದಿತ ಶುಲ್ಕ ಕಟ್ಟಿ ನಂಬರ್ ತನ್ನ ಹೆಸರಿನಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆ ಇದೆ.

ನಮ್ಮ ಊರಿನ ವ್ಯವಹಾರ ಬೇರೆ. ಇಲ್ಲಿ ಗಾಡಿ ಮಾರಿದರೆ ನಂಬರ್ ಸಾಮಾನ್ಯವಾಗಿ ಗಾಡಿಯ ಜೊತೆಗೇ ಹೋಗುತ್ತದೆ. ಮಂಗಳೂರಿನ ಕೆಎ-19, ಪುತ್ತೂರಿನ ಕೆಎ-21, ಸುರತ್ಕಲ್‌ನ ಕೆಎ-62, ಬಂಟ್ವಾಳದ ಕೆಎ-70, ಯಾವುದನ್ನೇ ತಗೊಂಡರೂ ಕರ್ನಾಟಕದ ಒಳಗೆ ಮಾಲಕರು ಬದಲಾದರೆ ನಂಬರ್ ಬದಲಾಗುವುದಿಲ್ಲ.

ಆದರೆ ತಲಪಾಡಿ ದಾಟಿದರೆ ಕಥೆಯೇ ಬೇರೆ. ಮಂಜೇಶ್ವರ, ಉಪ್ಪಳ, ಕಾಸರಗೋಡಿನಲ್ಲಿ ನಮಗೆಲ್ಲ ನೆಂಟರು ಇದ್ದಾರೆ. ಅಲ್ಲಿಂದ ಕೆಎಲ್-14 ನಂಬರಿನ 786ರ ಕಾರು ತಂದು ಉಳ್ಳಾಲದಲ್ಲೋ ಬಂದರಿನಲ್ಲೋ ಇಟ್ಟುಕೊಂಡರೆ ಅದೇ ನಂಬರಿನಲ್ಲಿ ಕಾಯಂ ಓಡಿಸಲು ಆಗುವುದಿಲ್ಲ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಅಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತರಬೇಕು, ಇಲ್ಲಿ ಫಾರಂ 27ರಲ್ಲಿ ಅರ್ಜಿ ಹಾಕಬೇಕು, ಗಾಡಿಯ ಪ್ರಾಯ ನೋಡಿ ಇಲ್ಲಿಯ ತೆರಿಗೆ ಕಟ್ಟಬೇಕು. ಆಮೇಲೆ ಸಿಗುವುದು ಹೊಸ ಕೆಎ ನಂಬರ್. ಹೆಚ್ಚು ಹಣ ಕೊಟ್ಟು ತಂದ 786 ಅಲ್ಲಿಗೆ ಮುಗಿಯಿತು. ಕೇರಳದ ಗಾಡಿ ಕಡಿಮೆಗೆ ಸಿಗುತ್ತದೆ ಅಂತ ಹೊರಟವರು ಈ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು.

ನಂಬರಿಗಿಂತ ಹೆಸರು ಮುಖ್ಯ

ನಮಗೆ ನಿಜವಾಗಿ ಭಯ ಹುಟ್ಟಿಸುವುದು ನಂಬರ್ ಅಲ್ಲ, ಆರ್‌ಸಿಯಲ್ಲಿ ಇರುವ ಹೆಸರು. ‘ನಮ್ಮವರೇ ಅಲ್ವಾ, ಆಮೇಲೆ ಮಾಡಿಸಿದರಾಯಿತು’ ಅಂತ ಫಾರಂಗಳಿಗೆ ಖಾಲಿ ಸಹಿ ಹಾಕಿ ಕೀ ಕೊಟ್ಟುಬಿಡುವವರು ಎಷ್ಟೋ ಮಂದಿ. ಗಾಡಿ ಮೂರು ಕೈ ದಾಟಿರುತ್ತದೆ, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರು.

2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ಇದನ್ನೇ. 2007ರಲ್ಲಿ ಮಾರಿದ್ದ ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತಕ್ಕೆ ಕಾರಣವಾಯಿತು. ಆರ್‌ಸಿಯಲ್ಲಿ ಹೆಸರು ಬದಲಾಗಿರಲಿಲ್ಲ. ಕಾನೂನಿನ ಕಣ್ಣಿಗೆ ಆರ್‌ಸಿಯಲ್ಲಿ ಹೆಸರಿರುವವನೇ ಮಾಲಕ, ಪರಿಹಾರದ ಹೊಣೆ ಅವನದ್ದೇ ಎಂದು ಕೋರ್ಟ್ ಹೇಳಿತು. ಗಾಡಿ ಮಾರಿ ಎರಡು ವರ್ಷ ಆದ ಮೇಲೂ!

ಮಾಡಬೇಕಾದ್ದು ಕಷ್ಟದ ಕೆಲಸ ಏನಲ್ಲ. ಮಾರಿದವರು ಫಾರಂ 29ರಲ್ಲಿ 14 ದಿನದೊಳಗೆ, ತಗೊಂಡವರು ಫಾರಂ 30ರಲ್ಲಿ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿಯ ಮೇಲೆ ಸಾಲ ಇದ್ದರೆ ಫೈನಾನ್ಸ್‌ನವರಿಂದ ಫಾರಂ 35 ಮತ್ತು ಎನ್‌ಒಸಿ ಬೇಕು. ಡೀಲರ್ ಮೂಲಕ ಮಾರುವುದಾದರೆ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಆರ್‌ಟಿಒದಿಂದ ಅಧಿಕಾರ ಪಡೆದ ಡೀಲರ್‌ಗೆ ಗಾಡಿ ಒಪ್ಪಿಸಿ ಫಾರಂ 29ಸಿಯಲ್ಲಿ ದಾಖಲಿಸಿದರೆ ಅಲ್ಲಿಂದ ಮುಂದಿನ ಹೊಣೆ ಡೀಲರ್‌ನದ್ದು.

ಇನ್ಶೂರೆನ್ಸನ್ನೂ ಮರೆಯಬಾರದು. ತಗೊಂಡ 14 ದಿನದೊಳಗೆ ಕಂಪೆನಿಗೆ ಅರ್ಜಿ ಕೊಟ್ಟು ಪಾಲಿಸಿ ನಮ್ಮ ಹೆಸರಿಗೆ ಮಾಡಿಸಬೇಕು. ಇಲ್ಲದಿದ್ದರೆ ಗಾಡಿ ಜಖಂ ಆದಾಗ ನಮ್ಮ ಕ್ಲೈಮ್‌ಗೆ ತೊಂದರೆ. ‘ಐವತ್ತು ಶೇಕಡಾ ನೋ ಕ್ಲೈಮ್ ಬೋನಸ್ ಉಂಟು’ ಅಂತ ಮಾರುವವರು ಹೇಳಿದರೆ ಅದಕ್ಕೆ ಬೆಲೆ ಕೊಡಬೇಡಿ. ಆ ಬೋನಸ್ ಮಾಲಕನದ್ದು, ಗಾಡಿಯದ್ದಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿ ಉಂಟು. ಗಾಡಿ ಊರಿನಲ್ಲಿ, ಮಾಲಕರು ದಮಾಮ್‌ನಲ್ಲೋ ದೋಹಾದಲ್ಲೋ. ಒಟಿಪಿ ಹೋಗುವ ಮೊಬೈಲ್ ನಂಬರ್ ಯಾವುದು, ಸಹಿ ಹಾಕಲು ಅವರು ಯಾವಾಗ ಬರುತ್ತಾರೆ ಅಂತ ಕೇಳದೆ ಹಣ ಕೊಡಬಾರದು. ಮಾಲಕರು ತೀರಿಹೋಗಿದ್ದರೆ ಆ ಗಾಡಿ ವಾರಸುದಾರರೆಲ್ಲರ ಹಕ್ಕು. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಲಿ. ಒಬ್ಬ ಮಗ ಕೀ ಕೊಟ್ಟ ಮಾತ್ರಕ್ಕೆ ಉಮ್ಮನ ಪಾಲು, ತಂಗಿಯರ ಪಾಲು ಹೋಗುವುದಿಲ್ಲ.

ಐಬ್ ಮುಚ್ಚಿಡಬಾರದು

ಮಾರುವವರಿಗೂ ಒಂದು ಮಾತು. ಧಾನ್ಯದ ರಾಶಿಯೊಳಗೆ ಕೈ ಹಾಕಿ ಅಡಿಯಲ್ಲಿ ಒದ್ದೆ ಇದ್ದದ್ದನ್ನು ಪತ್ತೆ ಮಾಡಿ, ವ್ಯಾಪಾರಿಯನ್ನು ಪ್ರವಾದಿಯವರು (ಸ.ಅ.) ಎಚ್ಚರಿಸಿದ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು. ನೆರೆನೀರಿನಲ್ಲಿ ನಿಂತ ಕಾರಿಗೆ ಪಾಲಿಶ್ ಹೊಡೆದು ತೋರಿಸುವುದು, ಕಡಲ ಗಾಳಿಗೆ ತುಕ್ಕು ಹಿಡಿದ ಅಡಿಭಾಗಕ್ಕೆ ಕಪ್ಪು ಬಣ್ಣ ಬಳಿಯುವುದು, ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ಓಡಿದ ಗಾಡಿಯನ್ನು ಬಿಳಿ ಬೋರ್ಡ್ ಮಾಡಿ ‘ಮನೆಯ ಗಾಡಿ’ ಅನ್ನುವುದು, ಎಲ್ಲ ಅದೇ ಒದ್ದೆ ಧಾನ್ಯ. ಮಾರುವಾಗಲೇ ಇದ್ದ ಐಬ್ ಆಮೇಲೆ ಕಂಡುಬಂದರೆ, ತಡಮಾಡದೆ ಹಿಂತಿರುಗಿಸುವ ಹಕ್ಕು ತಗೊಂಡವರಿಗೆ ಶಾಫಿಈ ಫಿಖ್‌ಹ್‌ನಲ್ಲಿದೆ. ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ.

ತಗೊಳ್ಳುವವರು ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಹೆಸರು, ಸಾಲ, ಇನ್ಶೂರೆನ್ಸ್, ಆರ್‌ಸಿಯ ಅವಧಿ ನೋಡಿ. ಬಾಕಿ ದಂಡ ಉಂಟಾ ಅಂತ ಇ-ಚಲನ್‌ನಲ್ಲಿ ನೋಡಿ. ಇಂಜಿನ್ ಮತ್ತು ಚಾಸಿ ನಂಬರನ್ನು ಆರ್‌ಸಿಯ ಜೊತೆ ಹೋಲಿಸಿ. ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ. ಹಣದ ಲೆಕ್ಕ ಬರೆದು ಇಬ್ಬರೂ ಸಹಿ ಹಾಕಿ. ಸಾಲದ ವ್ಯವಹಾರ ಬರೆದಿಡಿ, ಸಾಕ್ಷಿ ಇಡಿ ಎನ್ನುವ ಆದೇಶ ಬಂದಿರುವುದು ಕುರ್‌ಆನ್‌ನ ಅತ್ಯಂತ ಉದ್ದದ ಆಯತ್‌ನಲ್ಲಿ. ನೆಂಟರ ಮಧ್ಯೆ ಬರೆದರೆ ನಂಬಿಕೆ ಕಡಿಮೆಯಾಗುವುದಿಲ್ಲ, ನೆಂಟಸ್ತಿಕೆ ಉಳಿಯುತ್ತದೆ.

ಇಷ್ಟೆಲ್ಲ ಸರಿ ಇದ್ದು ನಂಬರೂ 786 ಆಗಿದ್ದರೆ ಸಂತೋಷ. ನಂಬರ್ ಬೇರೆ ಯಾವುದೇ ಆಗಿದ್ದರೂ, ಆರ್‌ಸಿ ನಮ್ಮ ಹೆಸರಿಗೆ ಬಂದು ಯಾರ ಹಕ್ಕೂ ಅದರಲ್ಲಿ ಸಿಕ್ಕಿಕೊಳ್ಳದೆ ಇದ್ದರೆ ಬಿಸ್ಮಿ ಹೇಳಿ ಧೈರ್ಯವಾಗಿ ಗಾಡಿ ಸ್ಟಾರ್ಟ್ ಮಾಡಬಹುದು.