ಎತ್ತರದ ಗತ್ತು, ತಿರುವಿನಲ್ಲಿ ಆಪತ್ತು

ಶುಕ್ರವಾರ ಸಂಜೆಯಾಯಿತೆಂದರೆ ಬೆಂಗಳೂರಿನಿಂದ ಮಲೆನಾಡು, ಕರಾವಳಿಗಳತ್ತ ಹೊರಡುವ ವಾಹನಗಳ ಸಾಲಿನಲ್ಲಿ ಎದ್ದು ಕಾಣುವುದು ಎಸ್‌ಯುವಿಗಳೇ. ಒಳಗೆ ಆರೇಳು ಮಂದಿ, ನೆತ್ತಿಯ ಮೇಲಿನ ಕ್ಯಾರಿಯರ್‌ನಲ್ಲಿ ಟಾರ್ಪಾಲು ಬಿಗಿದ ಸೂಟ್‌ಕೇಸುಗಳು. ಎತ್ತರದಲ್ಲಿ ಕುಳಿತು ರಸ್ತೆ ನೋಡುವ ಸುಖ, ಗುಂಡಿಗಳಲ್ಲಿ ತಳ ತಾಗದೆಂಬ ನೆಮ್ಮದಿ, ದೊಡ್ಡ ಗಾಡಿಯೆಂಬ ಧೈರ್ಯ. ಮಧ್ಯಮ ವರ್ಗವನ್ನು ಈ ವಾಹನಗಳತ್ತ ಸೆಳೆದ ಮೂರು ಆಕರ್ಷಣೆಗಳಿವು. ಆದರೆ ಅದೇ ಎತ್ತರ ಘಾಟಿಯ ತಿರುವಿನಲ್ಲಿ ಚಾಲಕನಿಗೇ ತಿರುಗಿಬೀಳಬಲ್ಲದು.

ಗಾಡಿ ತಿರುವಿನಲ್ಲಿ ತೂಗಾಡುತ್ತದೆ, ಹಿಡಿತ ಹೆಚ್ಚಿಸಲು ಏನು ಮಾಡಬೇಕು ಎಂದು ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸುವವರು ಅನೇಕ. ಅಗಲವಾದ ಟೈರು, ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ತುಂಡು, ಗಾಡಿಯನ್ನು ಇನ್ನಷ್ಟು ಎತ್ತರಿಸುವ ಕಿಟ್ ಹೀಗೆ ಮಾರಾಟದ ಪಟ್ಟಿ ಬೆಳೆಯುತ್ತದೆ. ವಾಸ್ತವವೇ ಬೇರೆ. ಸ್ಥಿರತೆಯನ್ನು ನಿಜಕ್ಕೂ ಹೆಚ್ಚಿಸುವ ಕ್ರಮಗಳಲ್ಲಿ ಹೆಚ್ಚಿನವು ಹಣ ಬೇಡುವುದಿಲ್ಲ. ಹಣ ಬೇಡುವ ಮಾರ್ಪಾಡುಗಳಲ್ಲಿ ಕೆಲವು ಅಪಾಯವನ್ನೇ ಹೆಚ್ಚಿಸುತ್ತವೆ.

ಮಗುಚುವುದೇಕೆ?

ತಿರುವಿನಲ್ಲಿ ಟೈರುಗಳು ವಾಹನವನ್ನು ಒಳಬದಿಗೆ ಎಳೆಯುತ್ತವೆ. ಆದರೆ ಮೇಲಿನ ಭಾರ ನೇರ ದಾರಿಯಲ್ಲೇ ಮುಂದುವರಿಯಲು ಹವಣಿಸುತ್ತದೆ. ಪರಿಣಾಮವಾಗಿ ವಾಹನ ಹೊರಮಗ್ಗುಲಿಗೆ ವಾಲುತ್ತದೆ. ಒಳಬದಿಯ ಚಕ್ರಗಳ ಮೇಲಿದ್ದ ಭಾರ ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಗುರುತ್ವ ಕೇಂದ್ರ ಎತ್ತರದಲ್ಲಿದ್ದಷ್ಟೂ, ಎಡ–ಬಲ ಚಕ್ರಗಳ ನಡುವಿನ ಅಂತರ ಕಿರಿದಾದಷ್ಟೂ ಒಳಚಕ್ರ ನೆಲ ಬಿಡುವ ಕ್ಷಣ ಹತ್ತಿರವಾಗುತ್ತದೆ.

ಇದನ್ನು ಅಳೆಯಲು ಸರಳ ಸೂತ್ರವೊಂದಿದೆ. ಎಡ–ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ದೊರೆಯುವುದೇ ಸ್ಥಿರತೆಯ ಅಂಕ. ಅಂಕ ಹೆಚ್ಚಿದ್ದಷ್ಟೂ ವಾಹನ ಮಗುಚುವ ಸಾಧ್ಯತೆ ಕಡಿಮೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರಲ್ಲಿ ಈ ಅಂಕವನ್ನು ಆಧರಿಸಿ ವಾಹನಗಳಿಗೆ ಶ್ರೇಣಿ ನೀಡಲಾರಂಭಿಸಿತು. ಅದರ ಪ್ರಕಾರ ಬಹುತೇಕ ಕಾರುಗಳ ಅಂಕ 1.30ರಿಂದ 1.50ರವರೆಗಿದ್ದರೆ, ಎತ್ತರದ ಎಸ್‌ಯುವಿ, ಪಿಕಪ್ ಮತ್ತು ವ್ಯಾನುಗಳ ಅಂಕ 1.00ರಿಂದ 1.30ರವರೆಗೆ ಮಾತ್ರ.

ಚಾವಣಿಯ ಮೇಲಿನ ನೂರು ಕಿಲೋ

ತಯಾರಕರು ಕೊಟ್ಟ ಈ ಅಂಕವನ್ನು ಮಾಲೀಕರೇ ಕೈಯಾರೆ ತಗ್ಗಿಸಿಕೊಳ್ಳುವುದುಂಟು. 2,000 ಕಿಲೋ ತೂಕದ ಎಸ್‌ಯುವಿಯೊಂದರ ಚಕ್ರಗಳ ಅಂತರ 1.56 ಮೀಟರ್, ಗುರುತ್ವ ಕೇಂದ್ರದ ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಅಂಕ ಸುಮಾರು 1.11. ನೆಲದಿಂದ 1.95 ಮೀಟರ್ ಎತ್ತರದಲ್ಲಿ, ಅಂದರೆ ಚಾವಣಿಯ ಮೇಲೆ 100 ಕಿಲೋ ಸಾಮಾನು ಕಟ್ಟಿದರೆ ಗುರುತ್ವ ಕೇಂದ್ರ ಸುಮಾರು 6 ಸೆಂಟಿಮೀಟರ್ ಮೇಲೇರುತ್ತದೆ, ಅಂಕ 1.03ಕ್ಕೆ ಇಳಿಯುತ್ತದೆ. ಅದೇ ಸಾಮಾನನ್ನು ಗಾಡಿಯೊಳಗೆ ನೆಲಮಟ್ಟದಲ್ಲಿಟ್ಟರೆ ಗುರುತ್ವ ಕೇಂದ್ರ ಮೇಲೇರುವುದೇ ಇಲ್ಲ.

ಆದ್ದರಿಂದ ಮೊದಲ ಪಾಠ: ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ನೀರಿನ ಕ್ಯಾನು, ಅಕ್ಕಿಮೂಟೆ, ದೊಡ್ಡ ಪೆಟ್ಟಿಗೆಗಳು ಡಿಕ್ಕಿಯ ನೆಲದಲ್ಲಿ, ಹಿಂಬದಿ ಆಸನದ ಬೆನ್ನಿಗೆ ಒತ್ತಿಕೊಂಡಿರಬೇಕು. ಚಾವಣಿಗೆ ಹೋಗಲೇಬೇಕಾದರೆ ಹಾಸಿಗೆ, ಬಟ್ಟೆಯ ಚೀಲಗಳು ಹೋಗಲಿ. ಚಾವಣಿ ಹೊರಬಲ್ಲ ಗರಿಷ್ಠ ಭಾರವನ್ನು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಆ ಲೆಕ್ಕದಲ್ಲಿ ಕ್ಯಾರಿಯರ್‌ನ ತೂಕವನ್ನೂ ಸೇರಿಸಬೇಕು.

ಸರಕು ಸಾಗಣೆಯ ಪಿಕಪ್‌ಗಳಿಗೂ ಇದೇ ನಿಯಮ ಅನ್ವಯ. ಹಗ್ಗ ಸಡಿಲವಾಗಿ ತಿರುವಿನಲ್ಲಿ ಜರುಗುವ ಮೂಟೆ ವಾಹನವನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಖಾಲಿ ಪಿಕಪ್‌ನದು ಬೇರೆಯೇ ಸಮಸ್ಯೆ. ಅದರ ಹಿಂಬದಿ ಹಗುರ, ಪಟ್ಟಿ ಸ್ಪ್ರಿಂಗ್ ಗಡುಸು; ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಪಕ್ಕಕ್ಕೆ ಜಾರುವ ಸಂಭವ ಹೆಚ್ಚು.

ಟೈರು ಕಲಿಸಿದ ಪಾಠ

ವಾಹನಕ್ಕೂ ರಸ್ತೆಗೂ ಇರುವ ಸಂಬಂಧವೆಲ್ಲ ಅಂಗೈಯಗಲದ ನಾಲ್ಕು ರಬ್ಬರ್ ಪಟ್ಟಿಗಳ ಮೂಲಕವೇ. ಇದನ್ನು ಮರೆತರೆ ತೆರಬೇಕಾದ ಬೆಲೆಯನ್ನು ಅಮೆರಿಕ ಕಂಡಿದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಿತು. ಅವುಗಳಲ್ಲಿ ಹೆಚ್ಚಿನವನ್ನು ಅಳವಡಿಸಿದ್ದುದು ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳಿಗೆ. ವೇಗದಲ್ಲಿ ಟೈರಿನ ಮೇಲ್ಪದರ ಕಿತ್ತು ಬಂದು ವಾಹನಗಳು ಮಗುಚಿದ ಪ್ರಕರಣಗಳಲ್ಲಿ 270ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಟೈರಿನ ದೋಷದ ಜೊತೆಗೆ ಗಾಳಿಯ ಒತ್ತಡವೂ ವಿವಾದಕ್ಕೆ ಗುರಿಯಾಯಿತು. ಫೋರ್ಡ್ ಸೂಚಿಸಿದ್ದು 26 ಪಿಎಸ್‌ಐ; ಫೈರ್‌ಸ್ಟೋನ್ ಹೇಳಿದ್ದು 30. ಒತ್ತಡ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಈ ಪ್ರಕರಣದ ಬಳಿಕ ಬಂದ ಕಾನೂನಿನ ಫಲವಾಗಿಯೇ ಅಲ್ಲಿ ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ ಕಡ್ಡಾಯವಾಯಿತು.

ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ತುಂಬಿದ ಗಾಡಿಗೆ ಬೇರೆ, ಖಾಲಿ ಗಾಡಿಗೆ ಬೇರೆ ಅಂಕಿಗಳಿರಬಹುದು. ಟೈರು ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೊರಡುವ ಮುನ್ನವೇ ಪರೀಕ್ಷಿಸುವುದು ಸರಿಯಾದ ಕ್ರಮ. ಟೈರಿನ ಪಕ್ಕೆಯ ಮೇಲಿರುವ ನಾಲ್ಕಂಕಿಯ ಗುರುತು ಅದರ ವಯಸ್ಸನ್ನು ಹೇಳುತ್ತದೆ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಎರಡೇ ಹೊಸ ಟೈರು ಕೊಳ್ಳುವವರು ಅವನ್ನು ಹಿಂಬದಿಗೆ ಹಾಕಿಸುವುದು ಲೇಸು. ಮುಂಬದಿ ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಬಹುದು. ಹಿಂಬದಿ ಜಾರಿದರೆ ಗಾಡಿಯೇ ಗಿರ್ರನೆ ತಿರುಗುತ್ತದೆ.

ಮಾರ್ಪಾಡು: ಹಿತವೆಷ್ಟು, ಅಹಿತವೆಷ್ಟು

ಹಳೆಯ ಗಾಡಿ ತೂಗಾಡುತ್ತಿದ್ದರೆ ಹೊಸ ಬಿಡಿಭಾಗ ಸೇರಿಸುವ ಮುನ್ನ ಸವೆದದ್ದನ್ನು ಬದಲಿಸುವುದು ವಿವೇಕ. ಎಣ್ಣೆ ಸೋರುವ ಷಾಕ್ ಅಬ್ಸಾರ್ಬರ್, ಬಿರುಕು ಬಿಟ್ಟ ರಬ್ಬರ್ ಬುಷ್, ಸಡಿಲವಾದ ಸ್ಟೆಬಿಲೈಸರ್ ಲಿಂಕ್ ಇವು ಸರಿಯಾದರೆ ಎಷ್ಟೋ ವಾಹನಗಳು ಮೊದಲಿನ ಹಿಡಿತಕ್ಕೆ ಮರಳುತ್ತವೆ. ಎಡ–ಬಲ ಚಕ್ರಗಳ ಸಸ್ಪೆನ್ಷನ್ ಅನ್ನು ಬೆಸೆಯುವ ಸ್ಟೆಬಿಲೈಸರ್ ಬಾರ್ ವಾಲಾಟವನ್ನು ತಗ್ಗಿಸುತ್ತದೆ. ಆದರೆ ಅದು ಗುರುತ್ವ ಕೇಂದ್ರವನ್ನು ಇಳಿಸುವುದಿಲ್ಲ. ಹಿಂಬದಿಗೆ ಮಾತ್ರ ದಪ್ಪನೆಯ ಬಾರ್ ಹಾಕಿಸಿದರೆ ಹಿಂಚಕ್ರಗಳು ಬೇಗ ಹಿಡಿತ ಕಳೆದುಕೊಳ್ಳುವ ಅಪಾಯವೂ ಇದೆ.

ಗಾಡಿ ಎತ್ತರಿಸುವ ಕಿಟ್ ಮತ್ತು ಸ್ಪ್ರಿಂಗ್ ನಡುವಿನ ರಬ್ಬರ್ ತುಂಡುಗಳು ಗುರುತ್ವ ಕೇಂದ್ರವನ್ನು ಮೇಲಕ್ಕೊಯ್ಯುತ್ತವೆ. ಸ್ಥಿರತೆಯ ದೃಷ್ಟಿಯಿಂದ ಇದು ಹಿನ್ನಡೆಯೇ. ಕಾನೂನಿನ ತೊಡಕೂ ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದಲ್ಲಿ ತೀರ್ಪಿತ್ತಿದೆ. ನಾಲ್ಕು ಚಕ್ರ ಚಾಲನೆಯ ಬಗೆಗೂ ಭ್ರಮೆ ಬೇಡ. ಕೆಸರಿನಿಂದ ಮೇಲೇಳಲು ಅದು ನೆರವಾದೀತು. ಬ್ರೇಕ್ ಹಾಕಿದಾಗ ಬೇಗ ನಿಲ್ಲಲು ನೆರವಾಗದು.

ಯಂತ್ರದ ಕಾವಲು

1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ–ಕ್ಲಾಸ್ ಕಾರು ಮಗುಚಿ ಜಗತ್ತಿನ ಗಮನ ಸೆಳೆಯಿತು. ರಸ್ತೆಗೆ ಹಠಾತ್ತನೆ ಪ್ರಾಣಿ ಅಡ್ಡ ಬಂದರೆ ಚಾಲಕ ಗಾಡಿಯನ್ನು ಹೊರಳಿಸುವ ಬಗೆಯ ಪರೀಕ್ಷೆಯದು. ಕಂಪನಿಯು ಮಾರಾಟ ನಿಲ್ಲಿಸಿ, ಸ್ಥಿರತೆ ಕಾಯುವ ಇಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಎಲ್ಲ ಎ–ಕ್ಲಾಸ್ ಕಾರುಗಳಿಗೂ ಅಳವಡಿಸಬೇಕಾಯಿತು. ಇಎಸ್‌ಸಿ ಅಥವಾ ಇಎಸ್‌ಪಿ ಎಂದು ಕರೆಯಲಾಗುವ ಈ ವ್ಯವಸ್ಥೆ ಸ್ಟೀರಿಂಗ್ ತಿರುಗಿದ ದಿಕ್ಕಿಗೂ ವಾಹನ ಸಾಗುತ್ತಿರುವ ದಿಕ್ಕಿಗೂ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡೊಡನೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ಹಾದಿಗೆ ತರುತ್ತದೆ. ಭಾರತದಲ್ಲಿ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ತಾರೆ ಪಡೆಯಲು ಇದು ಇರಲೇಬೇಕು. ಹೊಸ ವಾಹನ ಕೊಳ್ಳುವವರು ಸನ್‌ರೂಫ್‌ಗಿಂತ ಮೊದಲು ವಿಚಾರಿಸಬೇಕಾದುದು ಇದನ್ನೇ.

ಕೊನೆಗೂ ಚಾಲಕನೇ ಹೊಣೆ

ಯಾವ ಯಂತ್ರವೂ ವೇಗದ ಲೆಕ್ಕವನ್ನು ಮೀರಲಾರದು. ತಿರುವಿನಲ್ಲಿ ಹೊರಕ್ಕೆಳೆಯುವ ಬಲ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. 30 ಕಿಲೋಮೀಟರ್ ವೇಗವನ್ನು 40ಕ್ಕೆ ಏರಿಸಿದರೆ ಆ ಬಲ ಸುಮಾರು 1.8 ಪಟ್ಟಾಗುತ್ತದೆ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಾಗಲಿ, ಚಾರ್ಮಾಡಿಯಲ್ಲಾಗಲಿ ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ಗೇರ್ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತದೆ ಸಾಗುವುದು ಉತ್ತಮ.

ಇನ್ನೊಂದು ಎಚ್ಚರಿಕೆ ನೇರ ರಸ್ತೆಗೂ ಸಲ್ಲುತ್ತದೆ. ಅಮೆರಿಕದ ಅದೇ ಸಂಸ್ಥೆಯ ಪ್ರಕಾರ ಒಂದೇ ವಾಹನ ಮಗುಚಿದ ಅಪಘಾತಗಳಲ್ಲಿ ಶೇಕಡಾ 95ರಷ್ಟು ಸಂಭವಿಸುವುದು ಚಕ್ರ ಯಾವುದಕ್ಕೋ ಎಡವಿದಾಗ: ಮೆದು ಮಣ್ಣು, ಕಟ್ಟೆ, ರಸ್ತೆಯ ಅಂಚು. ಡಾಂಬರಿನ ಅಂಚಿನಿಂದ ಚಕ್ರ ಮಣ್ಣಿಗಿಳಿದಾಗ ಗಾಬರಿಯಿಂದ ಸ್ಟೀರಿಂಗ್ ಎಳೆದರೆ ಆಗುವುದು ಇದೇ. ಸ್ಟೀರಿಂಗ್ ನೇರ ಹಿಡಿದು, ವೇಗ ಇಳಿದ ಬಳಿಕ ಮೆಲ್ಲನೆ ರಸ್ತೆಗೆ ಮರಳಬೇಕು. ಹಿಂದಿನ ಸಾಲಿನಲ್ಲಿ ಕುಳಿತವರೂ ಸೇರಿದಂತೆ ಎಲ್ಲರೂ ಸೀಟ್ ಬೆಲ್ಟ್ ಧರಿಸಿರಬೇಕು. ಮಗುಚಿದ ವಾಹನದಿಂದ ಹೊರಗೆ ಎಸೆಯಲ್ಪಟ್ಟವರು ಬದುಕುಳಿಯುವುದು ವಿರಳ.

'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಫಲಕ ನಮ್ಮ ರಸ್ತೆಗಳಲ್ಲಿ ಹಳೆಯದಾಗಿದೆ. ಎತ್ತರದ ವಾಹನ ಏರಿದವರ ಪಾಲಿಗೆ ಮಾತ್ರ ಅದು ಇಂದಿಗೂ ಹೊಸ ಪಾಠವೇ. ಹೊರಡುವ ಮುನ್ನ ಹತ್ತು ನಿಮಿಷ ವ್ಯಯಿಸಿ ಚಾವಣಿಯ ಸಾಮಾನು ಕೆಳಗಿಳಿಸಿ, ಗಾಳಿ ನೋಡಿಕೊಂಡರೆ ಮಾರುಕಟ್ಟೆಯ ಯಾವ ಕಿಟ್ಟೂ ಕೊಡದ ರಕ್ಷಣೆ ಕುಟುಂಬಕ್ಕೆ ದೊರೆತಂತೆ.