ಪರದೇಶದ ಅಗ್ಗದ ಹೋಟೆಲಿನಲ್ಲಿ ಬೆಳಗಿನ ನಾಷ್ಟಾ

ಯುರೋಪಿನಲ್ಲಿ ಓದುವ ಮಗಳನ್ನೋ ದುಡಿಯುವ ಮಗನನ್ನೋ ಕಾಣಲು ಹೊರಡುವ ತಂದೆ ತಾಯಂದಿರು ಟಿಕೆಟು, ವೀಸಾ, ಔಷಧಿ ಎಲ್ಲವನ್ನೂ ಎರಡೆರಡು ಸಲ ನೋಡಿಕೊಳ್ಳುತ್ತಾರೆ. ಹೋಟೆಲ್ ಚೀಟಿಯಲ್ಲಿ ‘ಬ್ರೇಕ್‌ಫಾಸ್ಟ್ ಸೇರಿದೆ’ ಎಂದು ಇದ್ದರೆ ಬೆಳಗಿನ ಊಟದ ಚಿಂತೆ ಮುಗಿಯಿತು ಎಂದುಕೊಳ್ಳುತ್ತಾರೆ. ಮರುದಿನ ಕೆಳಗಿಳಿದು ಹೋದಾಗ ಮೇಜಿನ ತುಂಬ ಹಂದಿ ಮಾಂಸದ ತಟ್ಟೆಗಳು. ಯಾರನ್ನು ಕೇಳುವುದು, ಏನೆಂದು ಕೇಳುವುದು ತಿಳಿಯದೆ ಬರೀ ಚಹಾ ಕುಡಿದು ಎದ್ದು ಬರುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರಿಗೆ ಇದು ಸಣ್ಣ ವಿಷಯವಲ್ಲ. ಸ್ವಲ್ಪ ತಿಳಿದುಕೊಂಡು ಹೋದರೆ ಈ ಪಾಡು ಬರುವುದಿಲ್ಲ.

ಚೀಟಿಯ ಮಾತಿನ ಅರ್ಥ

‘ರೂಮ್ ಓನ್ಲಿ’ ಎಂದಿದ್ದರೆ ನಾಷ್ಟಾ ಇಲ್ಲ ಎಂದೇ ಅರ್ಥ. ‘ಕಾಂಟಿನೆಂಟಲ್’ ಎಂದರೆ ಹೆಚ್ಚಾಗಿ ತಣ್ಣನೆಯ ನಾಷ್ಟಾ: ಬ್ರೆಡ್, ಬೆಣ್ಣೆ, ಜಾಮ್, ಕಾರ್ನ್‌ಫ್ಲೇಕ್ಸ್, ಹಾಲು, ಹಣ್ಣಿನ ರಸ, ಕಾಫಿ. ಇಟಲಿಯ ಸಣ್ಣ ವಸತಿಗಳಲ್ಲಿ ಒಂದು ಕಾಫಿ, ಒಂದು ಸಿಹಿ ಬನ್ನು, ಅಷ್ಟಕ್ಕೇ ಮುಗಿಯುವುದೂ ಉಂಟು. ಜರ್ಮನಿಯಲ್ಲಿ ಗಟ್ಟಿ ಬನ್ನು, ಚೀಸ್, ಬೇಯಿಸಿದ ಮೊಟ್ಟೆಯ ಜೊತೆ ತೆಳ್ಳಗೆ ಕತ್ತರಿಸಿದ ಮಾಂಸ ಇಡುತ್ತಾರೆ. ಅದರಲ್ಲಿ ಹಂದಿಯದೇ ಹೆಚ್ಚು. ಬ್ರಿಟನ್ನಿನ ‘ಫುಲ್ ಇಂಗ್ಲಿಷ್’ನಲ್ಲಿ ಬೇಕನ್ ಹಂದಿಯದು, ಸಾಸೇಜ್ ಸಾಮಾನ್ಯವಾಗಿ ಹಂದಿಯದು, ‘ಬ್ಲ್ಯಾಕ್ ಪುಡ್ಡಿಂಗ್’ ಎಂಬುದನ್ನು ಹಂದಿಯ ರಕ್ತದಿಂದ ಮಾಡುತ್ತಾರೆ. ಪುಡ್ಡಿಂಗ್ ಎಂಬ ಹೆಸರು ನೋಡಿ ಸಿಹಿ ಎಂದು ಮಕ್ಕಳು ತಟ್ಟೆಗೆ ಹಾಕಿಕೊಳ್ಳದಂತೆ ಮೊದಲೇ ಹೇಳಿಡಿ.

ಸರಳವಾದಷ್ಟೂ ಸುಲಭ

ಬಿಸಿಬಿಸಿ ನಾಷ್ಟಾ ಕೊಡುವ ಹೋಟೆಲೇ ಒಳ್ಳೆಯದೆಂದು ನಾವು ಭಾವಿಸುತ್ತೇವೆ. ನಮ್ಮ ಮಟ್ಟಿಗೆ ಅದು ಉಲ್ಟಾ. ಬಿಸಿ ಅಡುಗೆಯಲ್ಲಿ ಬೇಕನ್ ಹುರಿದ ಬಾಣಲೆಯಲ್ಲೇ ಮೊಟ್ಟೆಯನ್ನೂ ಹುರಿದಿರಬಹುದು. ಒಂದೇ ಚಿಮಟ ಎಲ್ಲ ತಟ್ಟೆಗಳಿಗೂ ಓಡಾಡುತ್ತಿರಬಹುದು. ಅಗ್ಗದ ಹೋಟೆಲಿನ ತಣ್ಣನೆಯ ಮೇಜಿನಲ್ಲಿ ಗೊಂದಲ ಕಡಿಮೆ. ಸಿಪ್ಪೆಸಹಿತ ಬೇಯಿಸಿದ ಮೊಟ್ಟೆ, ಬ್ರೆಡ್, ಬೆಣ್ಣೆ, ಹಣ್ಣು, ಹಾಲು ಇದ್ದರೆ ಮಧ್ಯಾಹ್ನದವರೆಗೆ ನಿಶ್ಚಿಂತೆ. ಮೊಟ್ಟೆ ಹುರಿದುಕೊಡುವವರಿದ್ದರೆ ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದು ನಯವಾಗಿ ಕೇಳಬಹುದು.

ಇಲ್ಲೂ ಎರಡು ಕಡೆ ಎಚ್ಚರ ಬೇಕು. ಕೆಲವು ಮೊಸರಿನ ಕಪ್ಪುಗಳಲ್ಲಿ ಜೆಲಟಿನ್ ಇರುತ್ತದೆ. ಸ್ಪೇನಿನ ಕೆಲವು ಸಿಹಿ ಬನ್ನುಗಳಲ್ಲಿ ಹಂದಿಕೊಬ್ಬು ಬಳಸುತ್ತಾರೆ. ಚೀಸ್ ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದಿದ್ದರೆ ಅದರ ವಿಷಯದಲ್ಲಿ ಮಝ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಹೊರಡುವ ಮೊದಲೇ ನಿಮ್ಮ ಮಸೀದಿಯ ಉಸ್ತಾದರನ್ನು ಕೇಳಿಟ್ಟುಕೊಳ್ಳಿ.

ಹಂದಿ ಮಾಂಸಕ್ಕೆ ಜರ್ಮನ್ನಿನಲ್ಲಿ ‘ಶ್ವೈನ್’, ಫ್ರೆಂಚಿನಲ್ಲಿ ‘ಪೋರ್’, ಇಟಾಲಿಯನ್ನಿನಲ್ಲಿ ‘ಮಯಾಲೆ’, ಸ್ಪ್ಯಾನಿಷಿನಲ್ಲಿ ‘ಸೆರ್ದೊ’ ಎನ್ನುತ್ತಾರೆ. ಈ ಪದಗಳನ್ನು ಚೀಟಿಯಲ್ಲಿ ಆಯಾ ಭಾಷೆಯ ಅಕ್ಷರದಲ್ಲೇ ಬರೆದಿಟ್ಟುಕೊಂಡರೆ ಅಂಗಡಿಯ ಪೊಟ್ಟಣ ಓದಲೂ ಉಪಯೋಗ.

ಸಮಯ ಮತ್ತು ಬುತ್ತಿ

ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಸೂರ್ಯ 5 ಗಂಟೆಗೂ ಮೊದಲೇ ಹುಟ್ಟುತ್ತಾನೆ. ಫಜ್ರ್‌ಗೆ ಎದ್ದವರು ನಾಷ್ಟಾದ ಬಾಗಿಲು ತೆರೆಯಲು ಹಲವು ಗಂಟೆ ಕಾಯಬೇಕು. ಬೆಳಗಿನ ವಿಮಾನ ಹಿಡಿಯುವವರು, ರಮಝಾನಿನಲ್ಲಿ ಸಹರಿ ಮಾಡುವವರು ಹಿಂದಿನ ರಾತ್ರಿಯೇ ಕೇಳಿದರೆ ಕೆಲವು ಕಡೆ ನಾಷ್ಟಾವನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಆದರೂ ಕೈಯಲ್ಲಿ ಖರ್ಜೂರ ಇರಲಿ. ಊರಿನಿಂದ ಕೊಂಡೊಯ್ಯುವಾಗ ಒಂದು ನೆನಪು: ಭಾರತದಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟಕ್ಕಾಗಲೀ ಬ್ರಿಟನ್ನಿಗಾಗಲೀ ಒಯ್ಯುವಂತಿಲ್ಲ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪದ ಡಬ್ಬಿಯನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಡಬಹುದು.

ಮುಸ್ಲಿಮ್ ನಾಡುಗಳಲ್ಲಿ

ತುರ್ಕಿಯಲ್ಲಿ ಸಾಧಾರಣ ಹೋಟೆಲಿನ ನಾಷ್ಟಾ ಕೂಡ ತೃಪ್ತಿ ಕೊಡುತ್ತದೆ: ಆಲಿವ್, ಬಿಳಿ ಚೀಸ್, ಟೊಮೆಟೊ, ಸೌತೆಕಾಯಿ, ಮೊಟ್ಟೆ, ಬ್ರೆಡ್, ಹಾಲಿಲ್ಲದ ಚಹಾ. ಮಲೇಷ್ಯಾದ ಅಗ್ಗದ ಕೋಣೆಗಳಲ್ಲಿ ನಾಷ್ಟಾ ಇಲ್ಲದಿದ್ದರೂ ಬೇಸರವಿಲ್ಲ. ಬೀದಿಯ ಮಾಮಕ್ ಅಂಗಡಿಯ ರೋಟಿ ಚನಾಯ್ ನಮ್ಮ ಪರೋಟದ ತಮ್ಮನೇ. ಉಮ್ರಾಕ್ಕೆ ಸ್ವಂತವಾಗಿ ಹೋಗಿ ಮಕ್ಕಾದಲ್ಲಿ ಅಗ್ಗದ ಕೋಣೆ ಹಿಡಿಯುವವರು ನಾಷ್ಟಾ ಇಲ್ಲವೆಂದೇ ಲೆಕ್ಕ ಹಾಕಿಕೊಳ್ಳಲಿ. ಫಜ್ರ್ ಮುಗಿಸಿ ಬರುವಾಗ ಬಿಸಿ ತಮೀಸ್ ರೊಟ್ಟಿ ಮತ್ತು ಬೇಯಿಸಿ ಅರೆದ ಅವರೆಯಂಥ ಕಾಳಿನ ‘ಫೂಲ್’ ಕೊಂಡರೆ ಮನೆಮಂದಿಗೆಲ್ಲ ಸಾಕಾಗುತ್ತದೆ.

ತಟ್ಟೆಯಲ್ಲಿ ತಿನ್ನಲು, ಚೀಲಕ್ಕಲ್ಲ

ಕೊನೆಯದಾಗಿ ಒಂದು ಸೂಕ್ಷ್ಮ ಮಾತು. ಮೇಜಿನ ಮೇಲಿನ ನಾಷ್ಟಾವನ್ನು ಅಲ್ಲಿ ಕುಳಿತು ಹೊಟ್ಟೆ ತುಂಬ ತಿನ್ನಲು ನಾವು ಹಣ ಕೊಟ್ಟಿರುತ್ತೇವೆ. ಮಧ್ಯಾಹ್ನಕ್ಕೆಂದು ನಾಲ್ಕು ಬನ್ನು, ಮೂರು ಮೊಟ್ಟೆಯನ್ನು ಕಣ್ಣುತಪ್ಪಿಸಿ ಚೀಲಕ್ಕೆ ಹಾಕಿಕೊಳ್ಳುವುದು ಆ ಹಣದಲ್ಲಿ ಸೇರಿಲ್ಲ. ಮಗುವಿಗೆ ಒಂದು ಬಾಳೆಹಣ್ಣು ಬೇಕಿದ್ದರೆ ಕೇಳಿ ತೆಗೆದುಕೊಳ್ಳಿ. ಇಲ್ಲ ಎನ್ನುವವರು ವಿರಳ. ಮಾಂಸದ ತಟ್ಟೆಯ ಮುಂದೆ ನಿಂತು ‘ಇದು ಹಲಾಲ್ ತಾನೇ’ ಎಂದು ಎಷ್ಟು ಕಾಳಜಿಯಿಂದ ವಿಚಾರಿಸುತ್ತೇವೋ, ಬನ್ನನ್ನು ಚೀಲಕ್ಕೆ ಹಾಕುವ ಮುಂಚೆ ‘ಇದು ನನ್ನ ಹಕ್ಕೇ’ ಎಂದು ಅಷ್ಟೇ ಕಾಳಜಿಯಿಂದ ಕೇಳಿಕೊಳ್ಳಬೇಕು. ನಮ್ಮ ಮಕ್ಕಳು ಎರಡನ್ನೂ ನೋಡುತ್ತಿರುತ್ತಾರೆ.