ನರಸಿಂಹನ ಉಗುರು, ಇಲಿಯ ಹಲ್ಲು, ನಮ್ಮ ಬೆರಳು

ಈಚೆಗೆ ಏಳನೆಯ ತರಗತಿಯ ಬಾಲಕನೊಬ್ಬನು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಟೆಲಿವಿಷನ್ನಿನ ಚಿತ್ರಕಥೆಯೊಂದರಲ್ಲಿ ವೀರನು ಬೆರಳು ಚಾಚಿದೊಡನೆ ಅದು ಕತ್ತಿಯಾಗುವುದಂತೆ. “ಇಂಥದು ನಿಜವಾಗಿಯೂ ಉಂಟೇ ಸಾರ್?” ಎಂದನು. ಗದರಿಸಿ ಕೂರಿಸುವುದು ಸುಲಭವಾಗಿತ್ತು. ಆದರೆ ಈ ಕಲ್ಪನೆ ಹೊಸದಲ್ಲ. ನಮ್ಮ ಪುರಾಣವೂ ಇದನ್ನು ಬಲ್ಲುದು.

ಪ್ರಾಣವುಳ್ಳದ್ದರಿಂದಲೂ ಪ್ರಾಣವಿಲ್ಲದ್ದರಿಂದಲೂ ತನಗೆ ಮರಣವಿರಬಾರದೆಂದು ಹಿರಣ್ಯಕಶಿಪು ವರ ಬೇಡಿದ್ದನು. ನರಸಿಂಹನು ಅವನನ್ನು ಉಗುರಿನಿಂದ ಸೀಳಿದನು. ಉಗುರೇ ಏಕೆ? ಕತ್ತರಿಸಿದರೆ ಅದಕ್ಕೆ ನೋವಿಲ್ಲ, ನೆತ್ತರಿಲ್ಲ. ಆದರೂ ಅದು ಬೆಳೆಯುತ್ತದೆ! ಶರೀರಶಾಸ್ತ್ರವೂ ಇದನ್ನೇ ಹೇಳುತ್ತದೆ. ಚರ್ಮದೊಳಗಿನ ಬುಡದಲ್ಲಿ ಜೀವಕೋಶಗಳು ಹುಟ್ಟುತ್ತವೆ. ಕೆರಾಟಿನ್ ಎಂಬ ಗಡಸು ಪದಾರ್ಥವು ತುಂಬಿ ಅವು ಸಾಯುತ್ತವೆ. ಹಿಂದಿನಿಂದ ಹೊಸವು ತಳ್ಳುತ್ತಿರಲು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಮುಂದೆ ಸಾಗುತ್ತವೆ. ಜೀವದಿಂದ ಹುಟ್ಟಿದ ನಿರ್ಜೀವ ವಸ್ತು ಉಗುರು. (ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಹಂಪಿಯಲ್ಲಿ ಕಡೆದ ಮಹಾಮೂರ್ತಿಯನ್ನು ಜನರು ಉಗ್ರನರಸಿಂಹನೆನ್ನುವರು. ಆದರೆ ಅದು ಲಕ್ಷ್ಮಿಯನ್ನು ತೊಡೆಯಲ್ಲಿರಿಸಿಕೊಂಡಿದ್ದ ಮೂರ್ತಿ. ಈಗ ಕೈಗಳೇ ಮುರಿದಿರುವುದರಿಂದ ಉಗುರನ್ನು ಕಾಣುವಂತಿಲ್ಲ.)

ಹುಲಿಯ ಉಗುರೂ ಅದೇ ಕೆರಾಟಿನ್. ನಮ್ಮ ಬೆಟ್ಟಸೀಮೆಯ ಕಾಡುಗಳನ್ನೊಳಗೊಂಡ ಸತ್ಯಮಂಗಲದ ಅರಣ್ಯವು 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವುದಷ್ಟೆ. ಹುಲಿಯು ನಡೆಯುವಾಗ ಹಿಗ್ಗುವ ನಾರುಗಳು ಉಗುರನ್ನು ಮೇಲೆಳೆದು ಮಡಚಿಟ್ಟುಕೊಂಡಿರುತ್ತವೆ. ಎರಗುವಾಗ ಸ್ನಾಯುಗಳು ಸೆಳೆದೊಡನೆ ಅದು ಹೊರಬರುತ್ತದೆ. ಹೀಗೆ ಮೊನೆ ಸವೆಯದೆ ಉಳಿಯುವುದು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುವುದೂ ಹುಲಿಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಮೂಡದಿರುವುದೂ ಇದರಿಂದಲೇ.

ತಂದೆತಾಯಿಗಳಿಗೆ ಇಲ್ಲಿ ಒಂದು ಮಾತು. ಮಕ್ಕಳ ಕೊರಳಿಗೆ ಹುಲಿಯುಗುರು ಕಟ್ಟುವ ಹಳೆಯ ರೂಢಿ ಕನ್ನಡಿಗರಲ್ಲಿ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. 3ರಿಂದ 7 ವರ್ಷಗಳ ಸೆರೆವಾಸ ವಿಧಿಸಬಹುದು. ಹುಲಿಯುಗುರಿನ ಲಾಕೆಟ್ ಧರಿಸಿದ್ದ ಟೆಲಿವಿಷನ್ ಸ್ಪರ್ಧಿಯೊಬ್ಬರನ್ನು 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಅರಣ್ಯಾಧಿಕಾರಿಗಳು ಬಂಧಿಸಿದರು. ಅಜ್ಜನ ಕಾಲದ್ದೆಂಬ ಮಾತ್ರಕ್ಕೆ ಮನೆಯ ಪೆಟ್ಟಿಗೆಯಲ್ಲಿರುವುದು ನಿರ್ದೋಷವಾಗದು. ಅಂಥದಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ. ಮಗುವಿನ ಕೊರಳಿಗಂತೂ ಬೇಡ.

ಕತ್ತರಿಸುವ ಕೌಶಲದಲ್ಲಿ ಇಲಿಯನ್ನೇ ನಾವು ಮೊದಲಿಡುವೆವು. ಅದರ ಮುಂಬಲ್ಲಿನ ಎದುರು ಮಗ್ಗುಲಿಗೆ ಮಾತ್ರ ಎನಾಮಲ್ ಎಂಬ ಗಟ್ಟಿ ಪದರವುಂಟು; ಹಿಂಭಾಗ ಮೆದು. ಕಡಿದಂತೆಲ್ಲ ಮೆದುವಾದದ್ದು ಬೇಗ ಸವೆದು, ಗಟ್ಟಿಯಾದದ್ದು ಉಳಿಯಂತೆ ಅಲಗಾಗಿ ನಿಲ್ಲುತ್ತದೆ. ಕುಡುಗೋಲನ್ನು ನಾವು ಮಸೆಯಬೇಕು. ಇಲಿಯ ಹಲ್ಲು ಕೆಲಸ ಮಾಡುತ್ತಲೇ ಹರಿತವಾಗುತ್ತದೆ. ಅದು ಜೀವಮಾನವೆಲ್ಲ ಬೆಳೆಯುವುದರಿಂದ ಸವೆದರೂ ನಷ್ಟವಿಲ್ಲ.

ಮನುಷ್ಯನ ಉಗುರಾದರೋ ಚಪ್ಪಟೆ. ಸೀಳಲಾರದು, ಆದರೆ ಬೆರಳ ತುದಿಗೆ ಹಿಂದಿನಿಂದ ಆನಿಕೆಯಾಗಿ ನಿಂತು ಹಿಡಿತವನ್ನು ಬಲಪಡಿಸುತ್ತದೆ. ಆ ಹಿಡಿತದಿಂದಲೇ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡಿದರು. ಬೆರಳು ಕತ್ತಿಯಾಗಲಿಲ್ಲ, ಕತ್ತಿಯನ್ನು ಮಾಡಿತು.

ಇದನ್ನೆಲ್ಲ ಹೇಳಿದ ಮೇಲೂ ಬಾಲಕನು ಪೂರ್ಣ ತೃಪ್ತನಾದಂತೆ ಕಾಣಲಿಲ್ಲ. ಮರುದಿನ ಬಂದು, “ಮುಳ್ಳುಹಂದಿಯ ಮುಳ್ಳೂ ಉಗುರಿನ ಜಾತಿಯದೇ ಸಾರ್?” ಎಂದನು. ಅದು ಕೂದಲೇ ಗಡಸಾಗಿ ಆದದ್ದು. ಪದಾರ್ಥವು ಅದೇ ಕೆರಾಟಿನ್.